ಕುದುರೆಯ ಕಾಲು, ಐವರು ಗೆಳೆಯರು

ಮನುಷ್ಯನಿಗೆ ಕಾಯಿಲೆಯಾದರೆ ನೋಡಲು ಬಂದವರೆಲ್ಲ ಒಂದೊಂದು ಕಷಾಯದ ಹೆಸರು ಹೇಳಿಹೋಗುವುದು ನಮ್ಮಲ್ಲಿ ಹಳೆಯ ರೂಢಿ. ಆದರೆ ಮನುಷ್ಯ ರೋಗಿಗೆ ಒಂದು ಅನುಕೂಲವಿದೆ. ಅವನಿಗೆ ಬಾಯಿದೆ, ಬೇಡದ ಕಷಾಯವನ್ನು ಬೇಡವೆನ್ನಬಹುದು, ತೀರ ಒತ್ತಾಯವಾದರೆ ಕಂಬಳಿಯ ಮುಸುಕೆಳೆದು ಮಲಗಿಬಿಡಬಹುದು. ಕುದುರೆಗೆ ಆ ಅನುಕೂಲವಿಲ್ಲ. ಒಡೆಯನಾದವನು ಯಾರ ಮಾತಿಗೆ ತಲೆದೂಗುತ್ತಾನೆಯೋ ಆ ಮಾತನ್ನು ಅದು ತನ್ನ ಮೈಮೇಲೆ ಅನುಭವಿಸಬೇಕು. ಐವರು ಐದು ಮಾತು ಹೇಳಿ, ಒಡೆಯನು ಐದಕ್ಕೂ ತಲೆದೂಗುವ ಸ್ವಭಾವದವನಾಗಿದ್ದರೆ ಆ ಪ್ರಾಣಿಯ ಗತಿ ಏನಾಗುತ್ತದೆಂಬುದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನನ್ನ ಮನೆಯ ಕೊಟ್ಟಿಗೆಯಲ್ಲಿ ಕಲಿತವನು.

ಅದು 1970ರ ದಶಕದ ಮಾತು. ನಾನು ಆಗ ತಾಯಿಯೊಡನೆ ಸೇಡಮ್ಮಿನಲ್ಲಿ ಮನೆ ಮಾಡಿಕೊಂಡಿದ್ದೆ. ನಾನು ಕಲಿಸುತ್ತಿದ್ದ ಶಾಲೆ ಊರಿನಿಂದ ನಾಲ್ಕು ಮೈಲಿಯಾಚೆ, ಕಾಗಿಣಾ ನದಿಯ ಕಡೆಗಿನ ಒಂದು ಹಳ್ಳಿಯಲ್ಲಿತ್ತು. ಬೇಸಿಗೆಯಲ್ಲಿ ಸೈಕಲ್ಲು ಸಾಕಾಗುತ್ತಿತ್ತು. ಮಳೆ ಹಿಡಿಯಿತೆಂದರೆ ಆ ಸೀಮೆಯ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು, ನಾನು ಸೈಕಲ್ಲನ್ನು ಏರುವ ಬದಲು ಸೈಕಲ್ಲು ನನ್ನ ಹೆಗಲನ್ನು ಏರುತ್ತಿತ್ತು. ಎರಡು ಮಳೆಗಾಲ ಇದನ್ನು ಸಹಿಸಿ, ಕಡೆಗೆ ವಾಡಿಯ ಗೆಳೆಯರೊಬ್ಬರ ಮಧ್ಯಸ್ಥಿಕೆಯಿಂದ ಒಂದು ತಟ್ಟು ಕುದುರೆಯನ್ನು ಕೊಂಡೆ. ಕೆಂಪು ಮೈ, ಹಣೆಯಲ್ಲಿ ಬಿಳಿಯ ಬೊಟ್ಟು, ಎತ್ತರ ನನ್ನ ಎದೆಯ ಮಟ್ಟ. ಭೀಮಾ ನದಿಯ ದಂಡೆಯ ಹೆಸರನ್ನೇ ಹೊತ್ತ ಭೀಮಥಡಿ ಎಂಬ ದಖನಿ ತಳಿಯೊಂದಿದೆ; ಮರಾಠಾ ಸವಾರರ ಕಾಲದಿಂದ ಅದು ಗಟ್ಟಿಮೈಗೆ ಹೆಸರಾದುದು. ನನ್ನ ಕುದುರೆಯಲ್ಲಿಯೂ ಆ ರಕ್ತ ಒಂದಿಷ್ಟು ಇದೆಯೆಂದು ಮಾರಿದವನು ಹೇಳಿದ. ಮಾರುವವನ ಮಾತು, ನಾನು ಸಂತೋಷದಿಂದ ನಂಬಿದೆ. ಅದರ ಹೆಸರು ಮೋತಿ.

ನನ್ನ ಗೆಳೆತನದ ಭೂಗೋಳವನ್ನು ಇಲ್ಲಿ ಸ್ವಲ್ಪ ಹೇಳಬೇಕು. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ರೈಲುದಾರಿ ತೆರೆಯಿತು. ಚಿತ್ತಾಪುರ, ಮಳಖೇಡ, ಸೇಡಂ ಆ ದಾರಿಯ ಮೇಲಿವೆ. ವಾಡಿಯಲ್ಲಿ ಇಳಿದು ಮುಂಬಯಿ ದಾರಿಯ ಗಾಡಿ ಹಿಡಿದರೆ ಶಹಾಬಾದು. ಚಿಂಚೋಳಿಗೆ ಮಾತ್ರ ರೈಲಿಲ್ಲ. ಅತ್ತ ಕಾಡುಗುಡ್ಡಗಳ ಸೀಮೆ. ಈ ಐದೂ ಊರುಗಳಲ್ಲಿ ನನಗೆ ಒಬ್ಬೊಬ್ಬರು ಆಪ್ತರಿದ್ದರು. ಪರಸ್ಥಳದಿಂದ ಬಂದ ನನಗೆ ಮನೆ ಹುಡುಕಿಕೊಟ್ಟವರು, ಸಂಬಳ ತಡವಾದಾಗ ಕೈಗಡ ಕೊಟ್ಟವರು, ತಾಯಿಗೆ ಜ್ವರ ಬಂದ ರಾತ್ರಿ ಲಾಟೀನು ಹಿಡಿದು ವೈದ್ಯರನ್ನು ಕರೆತಂದವರು ಇವರೇ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದೆ ನಾನು ಮಾಡಿದ ತಪ್ಪಿನ ಬೇರು ಈ ಉಪಕಾರಗಳಲ್ಲಿಯೇ ಇತ್ತು.

ಶ್ರಾವಣದ ಒಂದು ಶುಕ್ರವಾರ ಶಾಲೆಯಿಂದ ಹಿಂದಿರುಗುವಾಗ ಮೋತಿ ಬಲಗಡೆಯ ಮುಂಗಾಲನ್ನು ಅಳುಕಿ ಅಳುಕಿ ಇಡುತ್ತಿತ್ತು. ನಾನು ಇಳಿದು ನಡೆದೆ. ಮರುದಿನ ಬೆಳಿಗ್ಗೆ ನೋಡಿದರೆ ಅದು ಮೂರು ಕಾಲಿನ ಮೇಲೆ ನಿಂತಿದೆ. ನಾಲ್ಕನೆಯದರ ತುದಿಯನ್ನು ಮಾತ್ರ ನೆಲಕ್ಕೆ ಸೋಂಕಿಸಿದೆ. ಮುಂದಿಟ್ಟ ಹುಲ್ಲನ್ನು ಮುಟ್ಟಿರಲಿಲ್ಲ. ಕಾಲಿನಲ್ಲಿ ಗಾಯವಿಲ್ಲ, ರಕ್ತವಿಲ್ಲ. ಮಣಿಕಟ್ಟಿನ ಬಳಿ ಸ್ವಲ್ಪ ಬಾವು ಇದ್ದಂತೆ ತೋರಿತು. ನಾನು ದಿಗಿಲುಬಿದ್ದು ವಾಡಿಗೆ ಹೇಳಿಕಳುಹಿಸಿದೆ.

ವಾಡಿಯ ಗೆಳೆಯರು ಮಧ್ಯಾಹ್ನದ ಗಾಡಿಗೇ ಬಂದರು. ಜಂಕ್ಷನ್ನಿನ ಮುಂದೆ ಟಾಂಗಾ ಹೊಡೆದು ತಲೆ ನರೆತವರು. ಕುದುರೆಯ ವಿಷಯದಲ್ಲಿ ಅವರ ಮಾತಿಗೆ ತೂಕವಿತ್ತು. ಬಂದವರೇ ಕಾಲಿನ ಹಿಂಬದಿಯನ್ನು ಸವರಿ, "ಮಾಸ್ತರ್ರೇ, ಇದು ನರ ಉಳುಕ್ಯಾದ. ದಿನಾ ಎರಡು ಹೊತ್ತು ಹರಿಯೋ ನೀರಾಗ ನಿಂದ್ರಸ್ರಿ. ಬಿಸಿ ಮುಟ್ಟಸಬ್ಯಾಡ್ರಿ, ನಡಸಬ್ಯಾಡ್ರಿ. ಎಂಟು ದಿನದಾಗ ಓಡ್ತದ" ಎಂದರು. ಆ ಸಂಜೆಯೇ ಮೋತಿಯನ್ನು ಕುಂಟಿಸುತ್ತ ಹಳ್ಳಕ್ಕೆ ಕರೆದೊಯ್ದು ಮೊಳಕಾಲುದ್ದ ನೀರಿನಲ್ಲಿ ನಿಲ್ಲಿಸಿದೆ.

ಭಾನುವಾರ ಶಹಾಬಾದಿನವರು ಬಂದರು. ಕಲ್ಲುಗಣಿಯಿಂದ ಫರಸಿ ಸಾಗಿಸುವ ಬಂಡಿಗಳ ಒಡೆಯರು. ಎತ್ತುಗಳ ಕೀಲುನೋವಿಗೆ ಅವರ ಕೈಗುಣ ಪ್ರಸಿದ್ಧವಾಗಿತ್ತು. ಹಳ್ಳದ ಸಂಗತಿ ಕೇಳಿ ಅವರು ತಲೆ ಚಚ್ಚಿಕೊಂಡರು. "ಅಲ್ರೀ, ಮಳಿಗಾಲದಾಗ ತಣ್ಣೀರಾಗ ನಿಂದ್ರಸೀರಿ? ಇದಕ್ಕ ವಾಯು ಹಿಡದಾದ. ಔಡಲೆಣ್ಣಿ ಕಾಸಿ ತಿಕ್ಕ್ರಿ, ಇಟ್ಟಂಗಿ ಬಿಸಿ ಮಾಡಿ ಶಾಖ ಕೊಡ್ರಿ. ಅದಕ್ಕೂ ಬಗ್ಗಲಿಲ್ಲಂದ್ರ ಬರಿ ಹಾಕೋದೇ ಸೈ." ಬರೆ ಎಂಬ ಮಾತು ಕೇಳಿ ನನಗೆ ಮೈ ಜುಮ್ಮೆಂದಿತು. ಅದನ್ನು ತಪ್ಪಿಸಿಕೊಳ್ಳುವ ಆತುರದಲ್ಲಿ ಶಾಖಕ್ಕೆ ಒಪ್ಪಿದೆ. ಅವರು ತಾವೇ ಅಂಗಿಯ ತೋಳು ಮಡಿಚಿ ಎಣ್ಣೆ ತಿಕ್ಕಿದರು. ಅಷ್ಟು ಶ್ರಮಪಟ್ಟವರಿಗೆ ಬೇಡವೆನ್ನುವುದು ಹೇಗೆ?

ಅದೇ ದಿನ ಸಂಜೆ ಚಿತ್ತಾಪುರದ ವಕೀಲರು. ಚಿತ್ತಾಪುರದ ಮಗ್ಗುಲಿನ ನಾಗಾವಿ 11ನೆಯ ಶತಮಾನದಲ್ಲಿ ಘಟಿಕಾಸ್ಥಾನವಾಗಿದ್ದ ಊರು. ಶಾಸನ ಹೇಳುವಂತೆ ಅಲ್ಲಿ ಗ್ರಂಥಭಂಡಾರವೂ ಇತ್ತು. ಆ ಭಂಡಾರದ ಗಾಳಿ ನಮ್ಮ ವಕೀಲರಿಗೆ ಬೀಸಿದ್ದಿರಬೇಕು; ಏನು ಕೇಳಿದರೂ ಗ್ರಂಥದಿಂದಲೇ ಉತ್ತರ. ಅವರು ಕುದುರೆಯ ಹತ್ತಿರಕ್ಕೆ ಹೋಗಲಿಲ್ಲ. ಬಾಗಿಲಲ್ಲಿ ನಿಂತು ವಿರಾಟನಗರದಿಂದ ಆರಂಭಿಸಿದರು. ಅಜ್ಞಾತವಾಸದಲ್ಲಿ ನಕುಲನು ಗ್ರಂಥಿಕನೆಂಬ ಹೆಸರಿನಿಂದ ವಿರಾಟನ ಲಾಯ ನೋಡಿಕೊಂಡದ್ದು, ಅವನ ಹೆಸರಿನಲ್ಲಿ ಸಂಸ್ಕೃತದ ಅಶ್ವಚಿಕಿತ್ಸಾ ಗ್ರಂಥವೊಂದು ಇರುವುದು, ಎಲ್ಲವನ್ನೂ ಹೇಳಿ, "ಇದು ಕಾಲಿನ ರೋಗವಲ್ಲ, ಹೊಟ್ಟೆಯ ರೋಗ. ನೀವು ಹಾಕುವ ಕಡಲೆ ಗೊರಸಿಗೆ ಇಳಿದಿದೆ. ದಾಣಿ ನಿಲ್ಲಿಸಿ, ಬರೀ ಹುಲ್ಲು ಹಾಕಿ" ಎಂದು ತೀರ್ಪು ಕೊಟ್ಟರು. ಮೊದಲೇ ತಿನ್ನದೆ ನಿಂತಿದ್ದ ಪ್ರಾಣಿಯ ಮುಂದಿನಿಂದ ದಾಣಿಯ ಬುಟ್ಟಿಯನ್ನೂ ತೆಗೆದೆ.

ಸೋಮವಾರ ಸೇಡಮ್ಮಿನ ನೆರೆಮನೆಯವರು, ಕಿರಾಣಿ ಅಂಗಡಿಯ ಯಜಮಾನರು, ಗೋಡೆಯಾಚೆಯಿಂದಲೇ ಕೇಳಿದರು: "ಇನ್ನೂ ಎಷ್ಟು ದಿನ ಎಣ್ಣಿ ಸುರೀತೀರಿ ಮಾಸ್ತರ್ರೇ? ಕಾಲು ಹೋದ ಕುದರಿ, ಕೈ ಬಿಟ್ಟ ರೊಕ್ಕ. ಸಂತಿಗಿ ಹೊಡದು ಮಾರಿಬಿಡ್ರಿ." ಈ ಮಾತನ್ನು ನಾನು ಪಾಲಿಸಲಿಲ್ಲ; ಆದರೆ ರಾತ್ರಿಯೆಲ್ಲ ಯೋಚಿಸಿದೆನೆಂಬುದನ್ನು ಒಪ್ಪಿಕೊಳ್ಳಬೇಕು.

ಬುಧವಾರ ಚಿಂಚೋಳಿಯ ಕಡೆಯ ಸಹೋದ್ಯೋಗಿಯೊಬ್ಬರು ಬಂದರು. ಗುಡ್ಡದ ತಾಂಡಾದಲ್ಲಿ ಕುದುರೆಗಳ ನಡುವೆ ಬೆಳೆದವರು. "ಕುದರಿ ಅಂದ್ರ ಎಮ್ಮಿ ಅಲ್ಲ, ನಿಂತರ ಕೆಡ್ತದ. ನೋಡ್ರಿ, ಕಾಲು ಹ್ಯಾಂಗ ಬಾತಾವ! ಬೆಳಿಗ್ಗಿ ಒಂದು ಮೈಲಿ, ಸಂಜಿಗಿ ಒಂದು ಮೈಲಿ ಹಗ್ಗ ಹಿಡದು ನಡಸ್ರಿ" ಎಂದು, ಜೋಳಿಗೆಯಲ್ಲಿ ತಂದಿದ್ದ ಸೊಪ್ಪನ್ನು ಅರೆದು ಮೊಳಕಾಲಿಗೆ ಕಟ್ಟಿದರು. ಆ ಸಂಜೆ ನಾನು ಮೋತಿಯನ್ನು ನಡೆಸಿದೆ. ಅದು ನಾಲ್ಕು ಹೆಜ್ಜೆಗೊಮ್ಮೆ ನಿಂತು ನನ್ನ ಮುಖ ನೋಡುತ್ತಿತ್ತು. ಒಂದು ಫರ್ಲಾಂಗು ಹೋಗಿ ಹಿಂದಿರುಗಲು ಒಂದು ಗಂಟೆ ಹಿಡಿಯಿತು.

ಹೀಗೆ ಐದು ದಿನಗಳಲ್ಲಿ ನಾನು ಒಂದೇ ಕಾಲಿಗೆ ತಂಪನ್ನೂ ಶಾಖವನ್ನೂ ಕೊಟ್ಟಿದ್ದೆ, ವಿಶ್ರಾಂತಿಯನ್ನೂ ನಡಿಗೆಯನ್ನೂ ಮಾಡಿಸಿದ್ದೆ, ಉಪವಾಸವನ್ನೂ ಹಾಕಿದ್ದೆ. ಯಾವ ಗೆಳೆಯರ ಮನಸ್ಸಿಗೂ ನೋವಾಗಿರಲಿಲ್ಲ. ನೋವೆಲ್ಲ ಒಂದೇ ಕಡೆ ಸೇರಿತ್ತು.

ಆ ಬುಧವಾರ ರಾತ್ರಿ ತಾಯಿ ಕೊಟ್ಟಿಗೆಯಲ್ಲಿ ಹುಲ್ಲು ಹರವಲು ಹೋದವರು ಅಲ್ಲಿಂದಲೇ ಕರೆದರು. "ತಮ್ಮಾ, ಈ ಬಲಗಾಲಿನ ಗೊರಸು ಒಂದೇ ಸುಡ್ತದ ನೋಡು. ಉಳಿದ ಮೂರೂ ತಣ್ಣಗವ." ತಾಯಿ ಓದು ಬರೆಹ ಬಲ್ಲವರಲ್ಲ; ಬಾಲ್ಯದಲ್ಲಿ ದನ ಕಾಯ್ದವರು. ನಾನು ಪುಸ್ತಕದಿಂದ ತಲೆಯೆತ್ತದೆ, "ಶಾಖ ಕೊಟ್ಟೇವಲ್ಲವ್ವಾ, ಅದಕ್ಕ" ಎಂದೆ. ಶಾಖ ಕೊಟ್ಟು ಮೂರು ದಿನವಾಗಿತ್ತು. ಅದೂ ಕೊಟ್ಟದ್ದು ಗೊರಸಿಗಲ್ಲ, ಮೇಲಿನ ಕಾಲಿಗೆ. ತಾಯಿ ಮತ್ತೇನೂ ಹೇಳಲಿಲ್ಲ. ಈ ಇಡೀ ವೃತ್ತಾಂತದಲ್ಲಿ ನನಗೆ ಇಂದಿಗೂ ನಾಚಿಕೆ ತರುವ ಕ್ಷಣ ಅದು.

ಮರುದಿನ ಬೆಳಿಗ್ಗೆ ಪಶುವೈದ್ಯರನ್ನು ಕರೆಯಲು ಹೋದೆ. ಅವರು ಹಳ್ಳಿಗಳ ಮೇಲೆ ಹೋಗಿದ್ದರು, ಹಿಂದಿರುಗುವುದು ಮರುದಿನ. ಬರುವ ದಾರಿಯಲ್ಲಿ ನಾಲಬಂದ ಚಾಚಾ ಸಿಕ್ಕರು. ಲಾಳ ಹೊಡೆಯುವವರನ್ನು ನಮ್ಮ ಕಡೆ ನಾಲಬಂದರೆಂದೇ ಕರೆಯುವುದು. ನಾನು ಐದು ದಿನದ ಕಥೆಯನ್ನು, ಐವರ ಐದು ಅಭಿಪ್ರಾಯಗಳನ್ನು ವಿವರವಾಗಿ ಹೇಳಿದೆ. ಅವರು ಬೀಡಿ ಆರಿಸಿ ಒಂದೇ ಪ್ರಶ್ನೆ ಕೇಳಿದರು: "ಕಾಲು ಯಾರಾದ್ರೂ ಎತ್ತಿ ನೋಡ್ಯಾರೇನ್ರಿ ಸಾಹೇಬ್ರೇ?"

ಯಾರೂ ನೋಡಿರಲಿಲ್ಲ. ಸವರಿದ್ದರು, ತಿಕ್ಕಿದ್ದರು, ಕಟ್ಟಿದ್ದರು, ದೂರದಿಂದ ತೀರ್ಪು ಕೊಟ್ಟಿದ್ದರು. ಗೊರಸನ್ನು ಮೇಲಕ್ಕೆತ್ತಿ ಅದರ ಅಡಿಯನ್ನು ನೋಡಿದವರಿಲ್ಲ. ಒಡೆಯನಾದ ನಾನೂ ನೋಡಿರಲಿಲ್ಲ.

ಚಾಚಾ ಬಂದರು. ಮೋತಿಯ ಕತ್ತು ಸವರಿ, ಅದರ ಕಾಲನ್ನು ತಮ್ಮ ಎರಡು ಮೊಳಕಾಲುಗಳ ನಡುವೆ ಹಿಡಿದು, ಸುತ್ತಿಗೆಯ ತುದಿಯಿಂದ ಗೊರಸಿನ ಅಂಚನ್ನು ಮೆಲ್ಲಗೆ ತಟ್ಟುತ್ತ ಹೋದರು. ಒಂದು ಕಡೆ ತಟ್ಟಿದಾಗ ಕುದುರೆ ಕಾಲನ್ನು ಕಿತ್ತುಕೊಂಡಿತು. ಮತ್ತೆ ಹಿಡಿದು, ಲಾಳದ ಮೊಳೆಗಳನ್ನು ಒಂದೊಂದಾಗಿ ಬಿಚ್ಚಿದರು. ಲಾಳಕ್ಕೂ ಗೊರಸಿನ ಅಡಿಗೂ ನಡುವೆ ಅರ್ಧ ಬೆರಳುದ್ದದ ಒಂದು ಫರಸಿ ಚೂರು ಸಿಕ್ಕಿಕೊಂಡಿತ್ತು. ನಾಡಿನ ಮನೆಮನೆಯ ನೆಲದಲ್ಲಿ ಹಾಸಿರುವ ಶಹಾಬಾದು ಕಲ್ಲು ಅದೇ. ಪದರಪದರವಾಗಿ ಏಳುವ ಸುಣ್ಣಕಲ್ಲು. ನನ್ನ ಶಾಲೆಯ ದಾರಿ ಅಂಥದೊಂದು ಗಣಿಯ ಪಕ್ಕದಲ್ಲಿಯೇ ಹೋಗುತ್ತಿತ್ತು. ಮಳೆಯಲ್ಲಿ ಎರೆಮಣ್ಣು ಆ ಚೂರುಗಳನ್ನು ನುಂಗಿಕೊಂಡಿರುತ್ತದೆ. ಮೇಲೆ ಮೆತ್ತಗೆ, ಒಳಗೆ ಕತ್ತಿ.

ಚೂರು ಒತ್ತಿದ ಜಾಗದಲ್ಲಿ ಚಾಚಾ ಕತ್ತಿಯಿಂದ ಸ್ವಲ್ಪವೇ ಕೆತ್ತಿದರು. ಕಪ್ಪನೆಯ ಕೀವು ಚಿಲ್ಲನೆ ಹೊರಬಂದಿತು. ಅದರ ದುರ್ಗಂಧಕ್ಕೆ ನಾನು ಮುಖ ತಿರುಗಿಸಿದೆ. ಮೋತಿ ದೀರ್ಘವಾಗಿ ಉಸಿರುಬಿಟ್ಟಿತು. ಬಿಸಿನೀರಿಗೆ ಉಪ್ಪು ಹಾಕಿ ಗೊರಸನ್ನು ಅದ್ದಿಸಿ, ಬಟ್ಟೆ ಕಟ್ಟಿ, ಚಾಚಾ ಹೇಳಿದರು: "ನನ್ನ ಕೆಲಸ ಇಲ್ಲಿಗಿ ಮುಗೀತ್ರಿ. ನಾಳಿ ಡಾಕ್ಟರ್ ಸಾಹೇಬ್ರ ಕೈಯಾಗ ಸೂಜಿ ಹಾಕಸ್ರಿ. ಮರೀಬ್ಯಾಡ್ರಿ." ಆರು ದಿನಗಳಲ್ಲಿ ನನಗೆ ಸಲಹೆ ಕೊಟ್ಟವರಲ್ಲಿ ತಮ್ಮ ತಿಳಿವಳಿಕೆಯ ಗಡಿ ಇಲ್ಲಿಗೆ ಮುಗಿಯಿತೆಂದು ಹೇಳಿದವರು ಅವರೊಬ್ಬರೇ.

ಮರುದಿನ ಪಶುವೈದ್ಯರು ಬಂದು ಧನುರ್ವಾಯುವಿನ ಪ್ರತಿವಿಷದ ಸೂಜಿಮದ್ದು ಕೊಟ್ಟರು. ಸಾಕುಪ್ರಾಣಿಗಳಲ್ಲಿ ಈ ರೋಗಕ್ಕೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಪ್ರಾಣಿ ಬೇರಿಲ್ಲ. ಮಣ್ಣಿನಲ್ಲಿಯೂ ಲದ್ದಿಯಲ್ಲಿಯೂ ಇರುವ ಅದರ ಜೀವಾಣುವಿಗೆ ಗಾಳಿಯಾಡದ ಗೊರಸಿನ ಗಾಯವೇ ತಕ್ಕ ಮನೆ. ಬೇರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು 1890ರಲ್ಲಿ ಬರ್ಲಿನ್ನಿನಲ್ಲಿ ಈ ಪ್ರತಿವಿಷದ ತತ್ತ್ವವನ್ನು ಕಂಡುಹಿಡಿದರು. ಮುಂದೆ ಅದನ್ನು ಕುದುರೆಯ ರಕ್ತದಿಂದಲೇ ತಯಾರಿಸಿ ಮನುಷ್ಯರನ್ನು ಉಳಿಸಿದರು. ಆ ಋಣವನ್ನು ನೆನೆದರೆ, ನಾವು ಕುದುರೆಯ ಅಂಗಾಲನ್ನು ಒಮ್ಮೆ ಬಗ್ಗಿ ನೋಡುವುದು ದೊಡ್ಡ ಉಪಕಾರವೇನಲ್ಲ.

ವೈದ್ಯರು ಇನ್ನೊಂದು ಮಾತನ್ನೂ ಹೇಳಿದರು. ಗೊರಸು ಕೊಂಬಿನಂತೆ ಗಟ್ಟಿಯಾದುದು. ಒಳಗೆ ಕೀವಾದರೆ ಅದು ಉಬ್ಬಿ ದಾರಿ ಮಾಡಿಕೊಡಲಾರದು. ಅದರಿಂದಲೇ ಅಷ್ಟು ಯಾತನೆ. ಅಡಿಯಲ್ಲಿ ಬಾಗಿಲು ಸಿಗದಿದ್ದರೆ ಕೀವು ಗೊರಸಿನ ಗೋಡೆಯ ಒಳಮೈಯನ್ನು ಹಿಡಿದು ಮೇಲೇರಿ, ಕೂದಲು ಆರಂಭವಾಗುವ ಗೆರೆಯಲ್ಲಿ ಒಡೆಯುತ್ತದೆ. ಮೊದಲ ಒಂದೆರಡು ದಿನಗಳಲ್ಲಿ ಅಡಿಯನ್ನು ಬಿಡಿಸಿದ್ದರೆ ವಾರದೊಳಗೆ ಮುಗಿಯುತ್ತಿದ್ದ ಕಥೆ. ನಾವು ಆರು ದಿನ ಕಳೆದಿದ್ದೆವು. ಇನ್ನೆರಡು ದಿನಕ್ಕೆ ಮೋತಿಯ ಗೊರಸಿನ ಮೇಲಂಚಿನಲ್ಲಿ ಕೀವು ಒಡೆದು, ಅಲ್ಲಿ ಒಂದು ಅಡ್ಡ ಸೀಳು ಉಳಿಯಿತು.

*

ಐವರ ಮಾತಿನಲ್ಲಿ ಸುಳ್ಳು ಯಾವುದು? ಆ ಕಹಿ ಆರಿದ ಮೇಲೆ ನಾನು ಇದನ್ನು ಬಹಳ ವಿಚಾರಮಾಡಿದೆ. ಸಂದರ್ಭ ಸಿಕ್ಕಿದಾಗ ಒಬ್ಬೊಬ್ಬರನ್ನೂ, "ನೀವು ಹೇಳಿದ ಉಪಾಯವನ್ನು ಮೊದಲು ಯಾವ ಪ್ರಾಣಿಗೆ ಮಾಡಿದ್ದಿರಿ?" ಎಂದು ಕೇಳಿದೆ. ದೊರೆತ ಉತ್ತರಗಳು ನನ್ನ ಕಣ್ಣು ತೆರೆಸಿದವು.

ವಾಡಿಯವರು ಒಮ್ಮೆ ಮೇಲ್ ಗಾಡಿ ಹಿಡಿಸಲು ಕುದುರೆಯನ್ನು ನಾಗಾಲೋಟದಲ್ಲಿ ಓಡಿಸಿದ್ದರು. ಅದರ ಕಾಲಿನ ಹಿಂದಿನ ಸ್ನಾಯುರಜ್ಜು ಎಳೆದಿತ್ತು. ಹೊಸ ಉಳುಕಿಗೆ ತಣ್ಣೀರು, ವಿಶ್ರಾಂತಿ ಎರಡೂ ಸರಿಯಾದ ಚಿಕಿತ್ಸೆಯೇ. ಶಹಾಬಾದಿನವರ ಮುದಿ ಎತ್ತಿಗೆ ಕೀಲು ಬಿಗಿದಿತ್ತು. ಹಳೆಯ ಬಿಗಿತಕ್ಕೆ ಶಾಖ ಹಿತವೆಂಬುದನ್ನು ಇಂದಿಗೂ ಯಾರೂ ಅಲ್ಲಗಳೆಯರು. ಚಿತ್ತಾಪುರದ ವಕೀಲರ ತಂದೆಯ ಕುದುರೆ ರಾತ್ರಿ ಹಗ್ಗ ಹರಿದುಕೊಂಡು ಕಾಳಿನ ಚೀಲಕ್ಕೆ ಬಾಯಿಹಾಕಿ, ಮರುದಿನ ಕಾಲೂರಲಾರದೆ ಹೋಗಿತ್ತು. ಕಾಳು ಅತಿಯಾದರೆ ಗೊರಸಿನ ಒಳಪದರ ಉರಿದು ಕುದುರೆ ಕುಂಟುತ್ತದೆಂಬುದು ಪಶುವೈದ್ಯಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ವಕೀಲರು ನಕುಲನ ಹೆಸರು ಹೇಳಿದರೂ ಮಾತನಾಡಿದ್ದು ತಂದೆಯ ಕುದುರೆಯನ್ನು ನೆನೆದು. ಚಿಂಚೋಳಿಯವರ ಊರಿನಲ್ಲಿ ಜಡಿಮಳೆಯಲ್ಲಿ ವಾರಗಟ್ಟಲೆ ಕಟ್ಟಿಹಾಕಿದ ಕುದುರೆಯ ಕಾಲುಗಳು ಬಾತು, ನಡೆಸಿದೊಡನೆ ಇಳಿದಿದ್ದವು. ಅದೂ ನಿಜವೇ.

ನೆರೆಮನೆಯವರ ಉತ್ತರ ನನ್ನನ್ನು ಹೆಚ್ಚು ಕಲಕಿತು. "ಮಾರಿಬಿಡ್ರಿ" ಎಂದದ್ದನ್ನು ನಾನು ವ್ಯಾಪಾರಿಯ ಬುದ್ಧಿ ಎಂದು ಮನಸ್ಸಿನಲ್ಲಿ ಹಳಿದಿದ್ದೆ. ಅವರು ಹುಡುಗರಾಗಿದ್ದಾಗ ಅವರ ತಂದೆ ಕಾಲು ಮುರಿದ ಎತ್ತೊಂದನ್ನು ಉಳಿಸಿಕೊಳ್ಳಲು ಸಾಲ ಮಾಡಿ, ಸಾಲಕ್ಕೆ ಹೊಲ ಹೋಗಿ, ಹೊಲ ಹೋದ ಮೇಲೆ ಊರು ಬಿಟ್ಟು ಸೇಡಮ್ಮಿಗೆ ಬಂದಿದ್ದರು. ಅವರು ಗೋಡೆಯಾಚೆಯಿಂದ ನೋಡಿದ್ದು ಮೋತಿಯನ್ನಲ್ಲ, ಆ ಎತ್ತನ್ನು.

ಅಂದರೆ ಯಾರ ಮಾತೂ ಸುಳ್ಳಲ್ಲ. ಪ್ರತಿಯೊಂದೂ ಬೇರೊಂದು ಪ್ರಾಣಿಯ ವಿಷಯದಲ್ಲಿ ಸತ್ಯ. ಗೆಳೆಯರ ಸಲಹೆಗಳು ಒಂದಕ್ಕೊಂದು ಹೊಡೆದಾಡುವಂತೆ ತೋರಿದಾಗ ನಾವು, ಇವರಲ್ಲಿ ಬಲ್ಲವರು ಯಾರು, ಹೆಚ್ಚು ಆಪ್ತರು ಯಾರು ಎಂದು ತೂಗಲು ಹೊರಡುತ್ತೇವೆ. ತೂಗಬೇಕಾದದ್ದು ಅದಲ್ಲ. ಅವರ ಕುದುರೆಗೂ ನನ್ನ ಕುದುರೆಗೂ ಆಗಿರುವುದು ಒಂದೇ ಏನು ಎಂಬುದನ್ನು ಕೇಳಬೇಕು. ಆ ಪ್ರಶ್ನೆಗೆ ಉತ್ತರ ಗೆಳೆಯರ ಬಳಿ ಇರುವುದಿಲ್ಲ. ನನ್ನ ಕುದುರೆಯ ಬಳಿ ಇರುತ್ತದೆ.

ಶಾಸ್ತ್ರವೆಂಬುದು ಹುಟ್ಟಿದ್ದು ಈ ಕಾರಣಕ್ಕಾಗಿಯೇ ಇರಬೇಕು. ಅಶ್ವವೈದ್ಯದ ಆದಿಪುರುಷನೆಂದು ನಮ್ಮವರು ಹೇಳುವ ಶಾಲಿಹೋತ್ರನ ಹೆಸರು ಹಿಂದೂಸ್ತಾನಿ ಭಾಷೆಯಲ್ಲಿ 'ಸಾಲೋತ್ರಿ' ಎಂದು ಸವೆದು, ಕುದುರೆ ವೈದ್ಯನಿಗೇ ಹೆಸರಾಗಿ ನಿಂತಿತು. ನಮ್ಮ ನೆರೆಯ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಕುದುರೆಗಳ ವಿಷಯಕ್ಕೆ ಸ್ಥಳ ಕೊಟ್ಟಿದ್ದಾನೆ. ಕನ್ನಡದಲ್ಲಿಯೂ ಚಾಲುಕ್ಯ ವಂಶದ ಕೀರ್ತಿವರ್ಮನ ಗೋವೈದ್ಯವಿದೆ; ಅಭಿನವಚಂದ್ರನ ಅಶ್ವವೈದ್ಯವಿದೆ. ಯುರೋಪಿನಲ್ಲಿ ಪಶುವೈದ್ಯದ ಮೊದಲ ಶಾಲೆ 1761ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಸ್ಥಾಪಿತವಾದಾಗ ಅದನ್ನು ಕಟ್ಟಿದ ಕ್ಲೋದ್ ಬೂರ್ಜೆಲಾ ಅಲ್ಲಿನ ಕುದುರೆ ಸವಾರಿ ಶಾಲೆಯ ಮುಖ್ಯಸ್ಥನಾಗಿದ್ದವನು. ಒಬ್ಬನ ಅನುಭವ ಒಂದು ಕುದುರೆಯದು. ಸಾವಿರ ಕುದುರೆಗಳ ಅನುಭವವನ್ನು ಬೇರ್ಪಡಿಸಿ, ಯಾವುದು ಯಾವುದಕ್ಕೆ ಎಂದು ಹೊಂದಿಸಿ ಇಡುವುದು ಶಾಸ್ತ್ರದ ಕೆಲಸ.

ಶಾಸ್ತ್ರವಾದರೂ ತನ್ನನ್ನು ತಾನೇ ತಿದ್ದಿಕೊಳ್ಳುತ್ತ ಬಂದಿದೆ. ಬರೆ ಹಾಕುವುದನ್ನೇ ನೋಡಿರಿ. ಅದು ಶಹಾಬಾದಿನ ಗೆಳೆಯರ ಮೊಂಡುತನವಾಗಿರಲಿಲ್ಲ. ಯುರೋಪಿನ ದೊಡ್ಡ ದೊಡ್ಡ ಪಂದ್ಯದ ಕುದುರೆಗಳಿಗೂ ಕಾಲಿನ ಸ್ನಾಯುರಜ್ಜು ಕೆಟ್ಟಾಗ ಕಾದ ಕಬ್ಬಿಣವನ್ನೇ ಮುಟ್ಟಿಸುತ್ತಿದ್ದರು. 1983ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ಲಿನ ಸಂಶೋಧಕರು ಅದರಿಂದ ಗುಣವೇನೂ ಇಲ್ಲವೆಂದು ತೋರಿಸಿದ ಮೇಲೆ ಆ ನಂಬಿಕೆ ಕುಸಿಯಿತು. ಬರೆಯ ನಂತರ ಕುದುರೆಗೆ ಕಡ್ಡಾಯವಾಗಿ ಸಿಗುತ್ತಿದ್ದ ದೀರ್ಘ ವಿಶ್ರಾಂತಿಯೇ ಅದನ್ನು ಗುಣಪಡಿಸುತ್ತಿದ್ದಿರಬೇಕು. ಕೀರ್ತಿ ಕಬ್ಬಿಣಕ್ಕೆ ಹೋಗುತ್ತಿತ್ತು.

ನನ್ನ ಪಾಲಿಗೆ ಉಳಿದ ಪಾಠ ಇನ್ನೊಂದಿದೆ. ಅದು ಕುದುರೆಯದಲ್ಲ, ನನ್ನದು. ನಾನು ಐವರ ಮಾತನ್ನೂ ಕೇಳಿದ್ದು ಐದರಲ್ಲಿಯೂ ನಂಬಿಕೆಯಿದ್ದುದರಿಂದಲ್ಲ. ಉಪಕಾರ ಮಾಡಿದವರಿಗೆ ಇಲ್ಲವೆನ್ನಲು ನನಗೆ ಧೈರ್ಯವಿರಲಿಲ್ಲ. ಅದನ್ನು ನಾನು ಆಗ ಸೌಜನ್ಯವೆಂದು ತಿಳಿದಿದ್ದೆ. ನನ್ನ ದಾಕ್ಷಿಣ್ಯದ ಬೆಲೆಯನ್ನು ನಾನು ತೆತ್ತಿದ್ದರೆ ಅದು ಸೌಜನ್ಯವಾಗುತ್ತಿತ್ತು. ತೆತ್ತದ್ದು ಮೋತಿ. "ನಿಮ್ಮ ಮಾತು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ; ವೈದ್ಯರು ನೋಡುವ ತನಕ ಏನೂ ಮಾಡುವುದಿಲ್ಲ" ಎಂದು ಹೇಳಿದ್ದರೆ ಆ ಐವರಲ್ಲಿ ಒಬ್ಬರೂ ಮುನಿಯುತ್ತಿರಲಿಲ್ಲವೆಂದು ಈಗ ನನಗೆ ತಿಳಿದಿದೆ. ನಾನು ಅಂಜಿದ್ದು ನನ್ನ ಗೆಳೆಯರಿಗಲ್ಲ, ನಾನೇ ಕಲ್ಪಿಸಿಕೊಂಡ ಅವರ ಮುನಿಸಿಗೆ.

*

ಕುದುರೆಯ ಗೊರಸು ನಮ್ಮ ಉಗುರಿನಂತೆಯೇ ಮೇಲಿನಿಂದ ಕೆಳಕ್ಕೆ ಬೆಳೆಯುತ್ತದೆ. ತಿಂಗಳಿಗೆ ಹೆಚ್ಚು ಕಡಿಮೆ ಒಂದು ಸೆಂಟಿಮೀಟರು. ಮೇಲಂಚಿನಲ್ಲಿ ಆದ ಸೀಳು ಮುಂಭಾಗದ ತುದಿಗೆ ಇಳಿದು ಕತ್ತರಿಸಿಹೋಗಲು ಸುಮಾರು ಒಂದು ವರ್ಷ ಬೇಕು. ಆ ವರ್ಷವೆಲ್ಲ ನಾನು ಪ್ರತಿದಿನ ಬೆಳಿಗ್ಗೆ ಮೋತಿಯ ಗೊರಸನ್ನು ಎತ್ತಿ, ಅಡಿ ತೊಳೆದು, ಕಲ್ಲಿದೆಯೇ ಎಂದು ನೋಡುತ್ತಿದ್ದೆ. ನೋಡುವಾಗಲೆಲ್ಲ ಆ ಅಡ್ಡಗೆರೆ ಕಣ್ಣಿಗೆ ಬೀಳುತ್ತಿತ್ತು. ದೀಪಾವಳಿಗೆ ಎರಡು ಬೆರಳು ಇಳಿದಿತ್ತು. ಯುಗಾದಿಯ ಹೊತ್ತಿಗೆ ನಡುವನ್ನು ದಾಟಿತ್ತು. ನಾಲ್ಕು ತಿಂಗಳು ಅದರ ಮೇಲೆ ಕೂಡಲಿಲ್ಲ. ಹೆಗಲಿಗೆ ಸೈಕಲ್ಲನ್ನು ಏರಿಸಿಕೊಂಡು, ತಡವಾಗಿ ಶಾಲೆಗೆ ಹೋದೆ.

ಮುಂದಿನ ಶ್ರಾವಣದಲ್ಲಿ ಒಂದು ಭಾನುವಾರ ಗೆಳೆಯರೆಲ್ಲ ನಮ್ಮ ಮನೆಯಲ್ಲಿ ಊಟಕ್ಕೆ ಸೇರಿದರು. ಮೋತಿ ಅಂಗಳದಲ್ಲಿ ನಾಲ್ಕು ಕಾಲಿನ ಮೇಲೆ ನಿಂತಿತ್ತು. "ನಾ ಹೇಳಿರಲಿಲ್ಲೇನು, ಹರಿಯೋ ನೀರಿನ ಗುಣ" ಎಂದರು ವಾಡಿಯವರು. "ಎಣ್ಣಿ ತಿಕ್ಕಿದ್ದಕ್ಕ ಉಳೀತು" ಎಂದರು ಶಹಾಬಾದಿನವರು. ವಕೀಲರು ಪಥ್ಯದ ಮಹಿಮೆಯನ್ನು ಹೇಳಿದರು. ಚಿಂಚೋಳಿಯವರು ಸೊಪ್ಪಿನ ಹೆಸರನ್ನು ಎಲ್ಲರಿಗೂ ಬರೆದುಕೊಟ್ಟರು. ನೆರೆಮನೆಯವರು ಮಾತ್ರ ಹೋಳಿಗೆ ತಿನ್ನುತ್ತ ಸುಮ್ಮನೆ ನಕ್ಕು, "ಮಾರಲಿಲ್ಲ, ಚಲೋ ಮಾಡಿದ್ರಿ" ಎಂದರು. ನಾನು ಯಾರನ್ನೂ ತಿದ್ದಲಿಲ್ಲ. ಬಡಿಸುತ್ತಿದ್ದ ತಾಯಿ ಒಮ್ಮೆ ನನ್ನ ಕಡೆ ನೋಡಿದರು.

ಇಂದು ಆ ರೈಲುನಿಲ್ದಾಣಗಳ ಮುಂದೆ ನಿಂತು ಗಿರಾಕಿಗಳನ್ನು ಕರೆಯುವವರು ಆಟೋದವರು. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ನನ್ನ ಐವರಲ್ಲಿ ಈಗ ಇಬ್ಬರು ಉಳಿದಿದ್ದಾರೆ. ಮೊನ್ನೆ ನನಗೆ ಮಂಡಿನೋವು ಬಂದಾಗ ಇಬ್ಬರೂ ಫೋನು ಮಾಡಿದರು. ಒಬ್ಬರು ತಣ್ಣೀರು ಎಂದರು. ಇನ್ನೊಬ್ಬರು ನಡೆಯಿರಿ ಎಂದರು. ಇಬ್ಬರಿಗೂ ಮನಃಪೂರ್ವಕವಾಗಿ ವಂದನೆ ಹೇಳಿ, ನಾನು ವೈದ್ಯರ ಬಳಿಗೆ ಹೋದೆ.

ಮೋತಿ ಇನ್ನೂ ಅನೇಕ ವರ್ಷ ನಮ್ಮಲ್ಲಿಯೇ ಇತ್ತು. ಸೀಳಿನ ಕೊನೆಯ ಗೆರೆಯನ್ನು ನಾಲಬಂದ ಚಾಚಾ ಕತ್ತರಿಸಿ ತೆಗೆದ ದಿನ ಗೊರಸು ಹೊಸದರಂತಾಗಿತ್ತು. ನಡಿಗೆಯಲ್ಲಿ ಕುಂಟು ಉಳಿಯಲಿಲ್ಲ. ಆದರೆ ಆ ಬಲಗಾಲನ್ನು ಎತ್ತಲು ನಾನು ಕೈಚಾಚಿದರೆ ಅದು ಕಡೆಯ ತನಕವೂ ಒಮ್ಮೆ ಹಿಂದಕ್ಕೆ ಸರಿದು, ನನ್ನ ಮುಖ ನೋಡಿ, ಆಮೇಲೆಯೇ ಕಾಲನ್ನು ಕೊಡುತ್ತಿತ್ತು.